ಬೈಕ್‌ಗೆ ಎಕ್ಸ್‌ಟ್ರಾ ಪಾರ್ಟ್ ಹಾಕಿಸೋ ಮುಂಚೆ ಪಾಲಿಸಿ ತೆಗೆದು ನೋಡಿ

ನಮಸ್ಕಾರ. ಈಗ ನೀವು ನೋಡ್ತಿರೋದು ಪುಣೆಯ ನಾನಾ ಪೇಠ್. ಟೂವೀಲರ್ ಸ್ಪೇರ್ ಪಾರ್ಟ್ಸ್ ಅಂದ್ರೆ ಈ ಊರಲ್ಲಿ ಮೊದಲು ನೆನಪಾಗೋ ಜಾಗ. ವಾಕಡ್, ಹಿಂಜವಡಿಯಲ್ಲಿ ಕೆಲಸ ಮಾಡೋ ಬೆಳಗಾವಿ, ಹುಬ್ಬಳ್ಳಿ ಕಡೆಯ ನಮ್ಮ ಹುಡುಗರೂ ಶನಿವಾರ ಇಲ್ಲಿಗೆ ಬಂದು ಸ್ಲಿಪ್-ಆನ್ ಸೈಲೆನ್ಸರ್, ಏರ್ ಫಿಲ್ಟರ್, ಫಾಗ್ ಲೈಟ್ ಹಾಕಿಸ್ಕೊಂಡು ಹೋಗ್ತಾರೆ. ಪಕ್ಕಾ ಬಿಲ್ ಕೇಳೋರು ಕಮ್ಮಿ, ಇನ್ಶೂರೆನ್ಸ್ ಕಂಪನಿಗೆ ತಿಳಿಸೋರು ಇನ್ನೂ ಕಮ್ಮಿ. ಊರಿಗೆ ಹೋಗುವಾಗ ಖಂಬಾಟ್ಕಿ ಘಾಟ್‌ನಲ್ಲಿ ಗಾಡಿ ಜಾರಿ ಬಿದ್ರೆ ಬೇಕಾಗೋದು ಈ ಎರಡೇ ಕಾಗದ.

ಥರ್ಡ್ ಪಾರ್ಟಿ, ಅಂದ್ರೆ ನಿಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಇರೋ ವಿಮೆ. ಅದರ ವಿಚಾರ ಬೇಗ ಮುಗಿಸೋಣ. ಅದರ ದರ ಸರ್ಕಾರ ನಿಗದಿ ಮಾಡಿದ್ದು. 2022ರ ಜೂನ್‌ನಿಂದ 150ರಿಂದ 350 ಸಿಸಿವರೆಗಿನ ಬೈಕಿಗೆ ವರ್ಷಕ್ಕೆ 1,366 ರೂಪಾಯಿ, 350 ದಾಟಿದ್ರೆ 2,804. ನೀವು ಯಾವ ಪಾರ್ಟ್ ಹಾಕಿದ್ರೂ ಈ ದರ ಬದಲಾಗಲ್ಲ. ಜಗಳ ಹುಟ್ಟೋದೆಲ್ಲ ಓನ್ ಡ್ಯಾಮೇಜ್‌ನಲ್ಲಿ, ಅಂದ್ರೆ ನಿಮ್ಮ ಸ್ವಂತ ಗಾಡಿಯ ರಿಪೇರಿ ದುಡ್ಡಿನಲ್ಲಿ.

ಪಾಲಿಸಿಯಲ್ಲಿ ಐಡಿವಿ ಅನ್ನೋ ಸಂಖ್ಯೆ ಹುಡುಕಿ, ಅಂದ್ರೆ ವಿಮಾ ಕಂಪನಿ ಒಪ್ಪಿಕೊಂಡ ನಿಮ್ಮ ಗಾಡಿಯ ಮೌಲ್ಯ. ಮೂರು ಲಕ್ಷದ ಬೈಕಿಗೆ ಒಂದು ವರ್ಷ ತುಂಬಿ ಎರಡನೇ ವರ್ಷ ನಡೀತಿದ್ರೆ ಶೇಕಡಾ 20 ಸವಕಳಿ ಕಳೆದು ಅದು 2,40,000 ಆಗುತ್ತೆ. ಇದು ಫ್ಯಾಕ್ಟರಿಯಿಂದ ಹೊರಬಂದ ಗಾಡಿಯ ಬೆಲೆ. ಆಮೇಲೆ ನೀವು ಹಾಕಿಸಿದ ಯಾವುದೂ ಇದರಲ್ಲಿ ಸೇರಿಲ್ಲ. ಪಾಲಿಸಿಯಲ್ಲಿ ಬರೆಸದೇ ಇರೋ ಪಾರ್ಟ್ ಮುರಿದ್ರೆ ಅದಕ್ಕೆ ದುಡ್ಡು ಬರಲ್ಲ, ಅಷ್ಟು ಸರಳ.

ಬರೆಸೋದು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ. ಕ್ರ್ಯಾಶ್ ಗಾರ್ಡ್, ರ‍್ಯಾಕ್, ಬಾಕ್ಸ್ ಇವೆಲ್ಲ ನಾನ್-ಎಲೆಕ್ಟ್ರಿಕಲ್ ಆಕ್ಸೆಸರಿ; ಬೆಲೆಯನ್ನ ಬೇರೆ ಸಾಲಿನಲ್ಲಿ ತೋರಿಸಿ ಗಾಡಿಯ ಮೌಲ್ಯಕ್ಕೆ ಸೇರಿಸ್ತಾರೆ. ಲೈಟ್, ಹಾರ್ನ್‌ನಂಥವು ಎಲೆಕ್ಟ್ರಿಕಲ್, ಅದಕ್ಕೆ ಐಎಂಟಿ 24 ಅನ್ನೋ ಎಂಡಾರ್ಸ್‌ಮೆಂಟ್, ಅಂದ್ರೆ ಪಾಲಿಸಿಗೆ ಸೇರಿಸೋ ತಿದ್ದುಪಡಿ ಪತ್ರ. ಹಳೇ ಟ್ಯಾರಿಫ್ ಲೆಕ್ಕದಲ್ಲಿ ಇದರ ಪ್ರೀಮಿಯಂ ಪಾರ್ಟ್ ಬೆಲೆಯ ಶೇಕಡಾ 4. 12,000 ರೂಪಾಯಿಯ ಲೈಟ್ ಸೆಟ್‌ಗೆ 480, ಮೇಲೆ ಶೇಕಡಾ 18 ಜಿಎಸ್‌ಟಿ. ಜಿಎಸ್‌ಟಿ ಬಿಲ್, ನಂಬರ್ ಪ್ಲೇಟ್ ಕಾಣೋ ಹಾಗೆ ಎರಡೂ ಬದಿಯ ಫೋಟೋ, ಪಾಲಿಸಿ ನಂಬರ್ ಹಾಕಿ ಕಂಪನಿಗೇ ಇಮೇಲ್ ಮಾಡಿ. ಏಜೆಂಟ್ ವಾಟ್ಸಾಪ್‌ನಲ್ಲಿ "ಆಯ್ತು ಸರ್" ಅಂದಿದ್ದು ಲೆಕ್ಕಕ್ಕಿಲ್ಲ. ಎಂಡಾರ್ಸ್‌ಮೆಂಟ್ ಪ್ರತಿ ಕೈಗೆ ಬರೋವರೆಗೆ ಬಿಡಬೇಡಿ.

ಇಲ್ಲೊಂದು ಮಾತು ತುಂಬಾ ಜನಕ್ಕೆ ಗೊತ್ತಿಲ್ಲ. ಟೂವೀಲರ್ ಪಾಲಿಸಿಯಲ್ಲಿ ಆಕ್ಸೆಸರಿ ಮಾತ್ರ ಕಳುವಾದ್ರೆ ಪರಿಹಾರ ಇಲ್ಲ, ಇಡೀ ಗಾಡಿ ಕಳುವಾದ್ರೆ ಮಾತ್ರ. ಸೊಸೈಟಿ ಪಾರ್ಕಿಂಗ್‌ನಲ್ಲಿ ಯಾರೋ ಲೈಟ್ ಬಿಚ್ಕೊಂಡು ಹೋದ್ರೆ ಐಎಂಟಿ 24 ಇದ್ರೂ ಕೈಗೆ ಏನೂ ಬರಲ್ಲ. ಅದಕ್ಕೆ ಐಎಂಟಿ 33 ಅನ್ನೋ ಇನ್ನೊಂದು ಎಂಡಾರ್ಸ್‌ಮೆಂಟ್ ಬೇರೆಯಾಗಿ ಕೇಳಬೇಕು.

ಈಗ ಕ್ಯಾಮೆರಾ ಹತ್ತಿರ ತಗೊಳ್ಳೋಣ. ಹೆಡ್‌ಲೈಟ್ ವೈರ್‌ಗೆ ನೀಲಿ ಕ್ಲಿಪ್ ಒತ್ತಿ ಕನೆಕ್ಷನ್ ಕೊಟ್ಟಿದ್ದಾರೆ, ನೋಡಿ. ಕ್ಲಿಪ್ ತಂತಿಯ ಸಿಪ್ಪೆ ಕೊಯ್ದಿದೆ. ಲೋಣಾವಳಾ, ತಾಮ್ಹಿಣಿ ಮಳೆಯಲ್ಲಿ ಎರಡು ಸಲ ಓಡಾಡಿದ್ರೆ ಸಾಕು, ನೀರು ಒಳಗಿಳಿದು ತಾಮ್ರ ಹಸಿರಾಗುತ್ತೆ, ರೆಸಿಸ್ಟೆನ್ಸ್ ಏರುತ್ತೆ, ಜಾಯಿಂಟ್ ಬಿಸಿಯಾಗಿ ಕರಗುತ್ತೆ. ಬೆಂಕಿ ಹೊತ್ತಿದ್ರೆ ಹಾನಿ ಪರಿಶೀಲಿಸೋಕೆ ಬರೋ ವಿಮಾ ಸರ್ವೇಯರ್ ಮೊದಲು ಹುಡುಕೋದೇ ಈ ಕಟ್ ಆದ ವೈರ್. ಎಲೆಕ್ಟ್ರಿಕಲ್ ಬ್ರೇಕ್‌ಡೌನ್ ಪಾಲಿಸಿಯ ಹೊರಗಿನ ವಿಷಯ ಅಂತ ಬರೆದು ಫೈಲ್ ಮುಚ್ಚೋಕೆ ಇಷ್ಟು ಸಾಕು. ಸರಿಯಾದ ಕ್ರಮ ಹೀಗಿದೆ: 40 ವ್ಯಾಟ್‌ನ ಎರಡು ಲೈಟ್ ಎಳೆಯೋದು ಆರೂವರೆ ಆಂಪಿಯರ್ ಆಸುಪಾಸು. ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ 10 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇಯ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್) 30ನೇ ಪಿನ್. 87ರಿಂದ ಲೈಟ್‌ಗೆ, 85 ಅರ್ತ್‌ಗೆ, 86ಕ್ಕೆ ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರೋ ತಂತಿ. ಕಂಪನಿಯ ವೈರಿಂಗ್ ಮೇಲೆ ಬೀಳೋದು ರಿಲೇಯ ಸಣ್ಣ ಹೊರೆ ಮಾತ್ರ. ಜೊತೆಗೆ ವಾಟರ್‌ಪ್ರೂಫ್ ಕಪ್ಲರ್ ಹಾಕಿಸಿ, ಕೆಲಸ ಮುಗಿದ ಮೇಲೆ ಫೋಟೋ ತೆಗೆದಿಡಿ.

ಇನ್ನು ಸೈಲೆನ್ಸರ್ ಮತ್ತು ಇಸಿಯು, ಅಂದ್ರೆ ಇಂಜಿನ್ ನಿಯಂತ್ರಿಸೋ ಕಂಪ್ಯೂಟರ್. ಇಲ್ಲಿ ಬೇಜಾರಾದ್ರೂ ನಿಜ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು: ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. 175 ಸಿಸಿ ಮೇಲಿನ ಬೈಕಿಗೆ ಶಬ್ದದ ಮಿತಿ 80 ಡೆಸಿಬಲ್. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕತ್ತರಿಸಿದ ಪೈಪ್‌ಗೆ ಯಾವ ಪ್ರೀಮಿಯಂ ಕಟ್ಟಿದ್ರೂ ಅದು ಕಾನೂನುಬದ್ಧ ಆಗಲ್ಲ. ಬೋರ್ ಕಿಟ್ ಹಾಕಿ ಸಿಸಿ ಏರಿಸಿದ್ರಂತೂ ಆರ್‌ಸಿಯಲ್ಲಿರೋ ಗಾಡಿಯೇ ಬೇರೆ, ಓಡಿಸ್ತಿರೋ ಗಾಡಿಯೇ ಬೇರೆ. ನಮ್ಮ ಸಲಹೆ: ದುಡ್ಡನ್ನ ಒಳ್ಳೇ ಟೈರ್, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಆಯಿಲ್‌ಗೆ ಹಾಕಿ. ಟೈರ್ ಸೈಜ್ ಮಾತ್ರ ಕಂಪನಿ ಹೇಳಿದ್ದೇ ಇರಲಿ. ಟ್ರ್ಯಾಕ್‌ನಲ್ಲಿ ರೇಸಿಗಿಳಿದ್ರೆ ಪಾಲಿಸಿ ಗೇಟ್ ಹತ್ತಿರವೇ ನಿಂತಿತು ಅಂದ್ಕೊಳ್ಳಿ. ರೇಸ್, ಸ್ಪೀಡ್ ಟೆಸ್ಟಿಂಗ್ ಎರಡೂ ಕವರ್‌ನಲ್ಲಿ ಇಲ್ಲ.

ಬಿದ್ದ ಮೇಲೆ ಅಟ್ಟದಲ್ಲಿರೋ ಸ್ಟಾಕ್ ಸೈಲೆನ್ಸರ್ ಇಳಿಸಿ ಜೋಡಿಸಿ ಕ್ಲೇಮ್ ಹಾಕಿ ಅಂತ ಕೆಲವರು ಹೇಳಿಕೊಡ್ತಾರೆ. ದಯವಿಟ್ಟು ಮಾಡಬೇಡಿ. ಫುಟ್‌ಪೆಗ್ ಸವೆದಿದೆ, ಸ್ವಿಂಗ್‌ಆರ್ಮ್ ಗೀಚಿದೆ, ಇವೆರಡರ ಪಕ್ಕದ ಸೈಲೆನ್ಸರ್ ಮೇಲೆ ಒಂದು ಗೆರೆಯೂ ಇಲ್ಲ. ಬೆಂಡ್ ಪೈಪ್ ನೀಲಿಗಟ್ಟಿದೆ, ಗ್ಯಾಸ್ಕೆಟ್ ಹೊಚ್ಚ ಹೊಸದು. ಹತ್ತು ಗಾಡಿ ನೋಡಿದ ಸರ್ವೇಯರ್‌ಗೂ ಇದು ಗೊತ್ತಾಗುತ್ತೆ, ಆಗ ನ್ಯಾಯವಾಗಿ ಬರಬೇಕಿದ್ದ ಟ್ಯಾಂಕ್, ಹ್ಯಾಂಡಲ್ ದುಡ್ಡೂ ಹೋಗುತ್ತೆ. ಇದ್ದದ್ದು ಇದ್ದ ಹಾಗೆ ಹೇಳಿ, "ಈ ಪಾರ್ಟ್‌ಗೂ ಅಪಘಾತಕ್ಕೂ ಸಂಬಂಧ ಇಲ್ಲ" ಅಂತ ಬರೆದುಕೊಟ್ರೆ ವಾದಕ್ಕೆ ಜಾಗ ಇರುತ್ತೆ. ಷರತ್ತು ಮುರಿದ ಪ್ರಕರಣದಲ್ಲೂ ಶೇಕಡಾ 75ರವರೆಗೆ ನಾನ್-ಸ್ಟ್ಯಾಂಡರ್ಡ್ ಲೆಕ್ಕದಲ್ಲಿ, ಅಂದ್ರೆ ಪೂರ್ತಿ ಅಲ್ಲದೆ ಕಡಿತ ಮಾಡಿ, ಕೊಡಿಸಿದ ತೀರ್ಪು 2010ರಲ್ಲಿ ಸುಪ್ರೀಂ ಕೋರ್ಟ್‌ನಿಂದಲೇ ಬಂದಿದೆ.

ಕೆಎ ನಂಬರ್ ಗಾಡಿಯವರಿಗೆ ಇನ್ನೊಂದು ವಿಷಯ. ಓನ್ ಡ್ಯಾಮೇಜ್ ಪ್ರೀಮಿಯಂ ಲೆಕ್ಕಕ್ಕೆ ಪುಣೆ, ಮುಂಬೈ, ಬೆಂಗಳೂರು ಎ ಝೋನ್. ಬೆಳಗಾವಿ, ಹುಬ್ಬಳ್ಳಿ ಬಿ ಝೋನ್. ಗಾಡಿ ಇಲ್ಲಿ 12 ತಿಂಗಳು ದಾಟಿದ್ರೆ ಎಂಎಚ್ ನಂಬರ್ ಮಾಡಿಸಲೇಬೇಕು. ಮಾಡಿಸಿದ ವಾರದಲ್ಲೇ ಪಾಲಿಸಿಯಲ್ಲೂ ನಂಬರ್, ವಿಳಾಸ ತಿದ್ದಿಸಿ.

ಕ್ಲೇಮ್ ತಿರಸ್ಕಾರ ಆದ್ರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ರೆ, ಇಲ್ಲೇ ನಾರಾಯಣ ಪೇಠ್‌ನಲ್ಲಿ ವಿಮಾ ಒಂಬುಡ್ಸ್‌ಮನ್, ಅಂದ್ರೆ ವಿಮೆ ದೂರು ತೀರ್ಮಾನಿಸೋ ಅಧಿಕಾರಿಯ ಕಚೇರಿ ಇದೆ. ಒಂದು ವರ್ಷದೊಳಗೆ ಹೋಗಬೇಕು. ಫೀಸ್ ಇಲ್ಲ, ವಕೀಲರೂ ಬೇಕಿಲ್ಲ. ಆ ಇಮೇಲ್, ಎಂಡಾರ್ಸ್‌ಮೆಂಟ್, ಬಿಲ್, ವೈರಿಂಗ್ ಫೋಟೋ ಒಂದೇ ಫೈಲ್‌ನಲ್ಲಿ ಇಟ್ಕೊಂಡು ಹೋಗಿ.