ಬೆಂದೂರಿನ ಆಗ್ನೆಸ್

ಕೇಳುಗರಿಗೆ ನಮಸ್ಕಾರ.

ಮಂಗಳೂರಿನ ಸಿಟಿ ಬಸ್ಸಿನಲ್ಲಿ ಬೆಂದೂರ್‌ವೆಲ್ ದಾಟುವಾಗ ಕಂಡಕ್ಟರು ‘ಆಗ್ನೆಸ್, ಆಗ್ನೆಸ್’ ಎಂದು ಕೂಗುವುದನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಆ ಕೂಗಿನಲ್ಲಿ ‘ಸಂತ’ ಎಂಬ ಗೌರವವೂ ಇರುವುದಿಲ್ಲ, ‘ಕಾಲೇಜು’ ಎಂಬ ಮಾತೂ ಇರುವುದಿಲ್ಲ. ನಾಲ್ಕನೆಯ ಶತಮಾನದ ಆರಂಭದಲ್ಲಿ ರೋಮ್ ನಗರದಲ್ಲಿ, ಹನ್ನೆರಡು ಹದಿಮೂರರ ಎಳೆಯ ಪ್ರಾಯದಲ್ಲಿ, ನಂಬಿದ್ದನ್ನು ಬಿಡಲೊಪ್ಪದೆ ಪ್ರಾಣ ಕೊಟ್ಟಳೆಂದು ಕಥೋಲಿಕರು ಸ್ಮರಿಸುವ ಹುಡುಗಿಯೊಬ್ಬಳು ಹೀಗೆ ನಮ್ಮೂರಿನ ಬಸ್ ನಿಲ್ದಾಣವೊಂದರ ಹೆಸರಾಗಿ ಉಳಿದಿದ್ದಾಳೆ. ಅವಳ ಹೆಸರಿನ ಕಾಲೇಜು ಆರಂಭವಾದದ್ದು 1921ರಲ್ಲಿ. ಆದರೆ ಅದರ ಕಥೆಯನ್ನು ಅಲ್ಲಿಂದ ಶುರು ಮಾಡಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಹುಡುಗಿಯರ ಕಾಲೇಜೊಂದು ಕಟ್ಟಡದಿಂದ ಹುಟ್ಟುವುದಿಲ್ಲ. ಕಾಲೇಜಿನ ಮೆಟ್ಟಿಲು ಹತ್ತುವಷ್ಟು ಓದಿದ ಹುಡುಗಿಯರು ಮೊದಲು ಊರಿನಲ್ಲಿರಬೇಕು, ಅವರಿಗೆ ಅಷ್ಟನ್ನು ಕಲಿಸಿದ ಹೆಂಗಸರು ಅದಕ್ಕೂ ಮೊದಲು ಇದ್ದಿರಬೇಕು.

ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ 1823ರಲ್ಲಿ ಇಂಗ್ಲಿಷ್ ದಂಪತಿಗೆ ಸೋಫಿ ಲೀವ್ಸ್ ಎಂಬ ಮಗಳು ಹುಟ್ಟಿದಳು. ತಂದೆ ಆಂಗ್ಲಿಕನ್ ಪಾದ್ರಿ. ಮಗಳು 1850ರಲ್ಲಿ ಮಾಲ್ಟಾ ದ್ವೀಪದಲ್ಲಿ ಕಥೋಲಿಕ ಸಭೆಗೆ ಸೇರಿದಳು, ಮುಂದೆ ಸನ್ಯಾಸಿನಿಯಾದಳು, 1862ರಲ್ಲಿ ಕಲ್ಲಿಕೋಟೆಗೆ ಬಂದು ಅಲ್ಲಿ ಶಾಲೆಯ ಕೆಲಸದಲ್ಲಿ ತೊಡಗಿದಳು. ಇವರೇ ಮುಂದೆ ಮದರ್ ವೆರೋನಿಕಾ ಎಂದು ಹೆಸರಾದವರು. ಅವರ ಮನಸ್ಸು ಕಾರ್ಮೆಲ್ ಸಭೆಯ ಕಡೆ ಎಳೆಯುತ್ತಿತ್ತು. ಆ ಸಭೆಯ ಸನ್ಯಾಸಿನಿಯರು ಹೊರಗಿನವರ ಕಣ್ಣಿಗೆ ಬೀಳದೆ, ಕಿಂಡಿಯ ಸರಳುಗಳ ಹಿಂದೆ ನಿಂತು ಮಾತಾಡುತ್ತ, ಜೀವನವನ್ನೆಲ್ಲ ಮಠದ ಗೋಡೆಯೊಳಗೆ ಜಪತಪದಲ್ಲಿ ಕಳೆಯುವವರು. ಹೆಣ್ಣುಮಕ್ಕಳಿಗೆ ಪಾಠ ಹೇಳುವುದು, ಗೋಡೆಯ ಹಿಂದೆ ಮೌನವಾಗಿರುವುದು, ಈ ಎರಡೂ ಒಂದೇ ಬಾಳಿನಲ್ಲಿ ಕೂಡುವುದು ಹೇಗೆ? ಆಗ ಈ ಕರಾವಳಿಯಲ್ಲಿ ಧರ್ಮಾಧಿಕಾರದಲ್ಲಿದ್ದ ಫ್ರೆಂಚ್ ಕಾರ್ಮೆಲೈಟ್ ಸನ್ಯಾಸಿ ಮಾರಿ ಎಫ್ರೆಮ್ ಅವರಿಗೆ ಶಾಲೆ ನಡೆಸುವ ಕಾರ್ಮೆಲ್ ಸನ್ಯಾಸಿನಿಯರೇ ಬೇಕಾಗಿತ್ತು. ಅವರ ಒತ್ತಾಸೆಯ ಮೇಲೆ 1868ರಲ್ಲಿ ಫ್ರಾನ್ಸ್ ದೇಶದ ಬಯೋನ್ ಪಟ್ಟಣದಲ್ಲಿ ಮದರ್ ವೆರೋನಿಕಾ ಹೊಸದೊಂದು ಮಠ ಸ್ಥಾಪಿಸಿದರು. ಒಳಗೆ ಕಾರ್ಮೆಲಿನ ಧ್ಯಾನ, ಹೊರಗೆ ಶಾಲೆಯ ಕೆಲಸ. ಇದೇ ಅಪೋಸ್ತಲಿಕ್ ಕಾರ್ಮೆಲ್ ಸಭೆ.

ಆ ಸಭೆಯ ಪುಟ್ಟ ತಂಡವೊಂದು, ಮದರ್ ಮೇರಿ ಆಫ್ ದಿ ಏಂಜಲ್ಸ್ ಎಂಬವರ ಮುಂದಾಳ್ತನದಲ್ಲಿ, 1870ರ ನವೆಂಬರ್ 19ರಂದು ಮಂಗಳೂರಿಗೆ ಬಂದಿಳಿಯಿತು. ಸೂಯೆಜ್ ಕಾಲುವೆ ತೆರೆದು ಆಗ ಒಂದು ವರ್ಷವಾಗಿತ್ತಷ್ಟೆ. ಅದೇ ಸುಮಾರಿಗೆ ಫ್ರಾನ್ಸಿನ ಪೋ ಪಟ್ಟಣದಿಂದ, ಗೋಡೆಯೊಳಗೇ ಇರುವ ಹಳೆಯ ಪದ್ಧತಿಯ ಕಾರ್ಮೆಲ್ ಸನ್ಯಾಸಿನಿಯರೂ ಇಲ್ಲೊಂದು ಮಠ ಕಟ್ಟಲೆಂದು ಹೊರಟಿದ್ದರು. ಅವರಲ್ಲಿ ಮೂವರು ಮಂಗಳೂರು ಮುಟ್ಟುವ ಮೊದಲೇ ದಾರಿಯಲ್ಲಿ ತೀರಿಕೊಂಡರು. ಉಳಿದವರಲ್ಲಿ ಒಬ್ಬಳು ಪ್ಯಾಲೆಸ್ತೀನಿನ ಹಳ್ಳಿಯ ಹುಡುಗಿ, ಮರಿಯಂ ಬವಾರ್ದಿ. ಎರಡು ವರ್ಷದೊಳಗೆ ಹಿಂದಿರುಗಿದ ಆಕೆಯನ್ನು 2015ರಲ್ಲಿ ರೋಮ್ ಸಂತಳೆಂದು ಸಾರಿತು. ಇದು ಕಾಲೇಜಿನ ಕಥೆಗೆ ನೇರವಾಗಿ ಸೇರಿದ್ದಲ್ಲ, ನಿಜ. ಆದರೂ ಇಂಗ್ಲಿಷ್, ಫ್ರೆಂಚ್, ಅರಬ್ ಹೆಂಗಸರು ಈ ಕೆಮ್ಮಣ್ಣಿನ, ಮುರಕಲ್ಲಿನ ಊರಿಗೆ ಯಾವ ಯಾವ ದಾರಿಯಿಂದ ಬಂದು ಸೇರಿದರೆಂದು ನೆನೆದಾಗ ಬೆರಗಾಗದಿರುವುದು ಕಷ್ಟ. ಮದರ್ ವೆರೋನಿಕಾ ಮಾತ್ರ ಆ ತಂಡದ ಜೊತೆ ಬರಲಿಲ್ಲ. ಮುಂದೆ ಅವರು ಪೋ ಪಟ್ಟಣದ ಕಾರ್ಮೆಲ್ ಮಠವನ್ನು ಸೇರಿ, 1906ರಲ್ಲಿ ಅಲ್ಲಿಯೇ ತೀರಿಕೊಂಡರು.

ಬಂದವರು ಸಂತ ಆನ್ನರ ಹೆಸರಿನಲ್ಲಿ ಹುಡುಗಿಯರ ಶಾಲೆಯನ್ನು ನಡೆಸಿದರು, ಶಿಕ್ಷಕಿಯರ ತರಬೇತಿಯನ್ನೂ ಆರಂಭಿಸಿದರು. ಊರಿನ ಕೊಂಕಣಿ ಮನೆಗಳಲ್ಲಿ ‘ಮಾದ್ರಿ’ ಎಂದು ಕರೆಯಿಸಿಕೊಂಡ ಈ ಸನ್ಯಾಸಿನಿಯರ ಸಾಲಿಗೆ ಮೆಲ್ಲಮೆಲ್ಲನೆ ಊರಿನ ಹೆಣ್ಣುಮಕ್ಕಳೂ ಸೇರಿಕೊಂಡರು. ಹುಡುಗಿಯರಿಗೆ ಓದು ಕಲಿಸಿದವರಲ್ಲಿ ಇವರೇ ಮೊದಲಿಗರೇನಲ್ಲ. 1834ರಲ್ಲಿಯೇ ಇಲ್ಲಿಗೆ ಬಂದಿದ್ದ ಬಾಸೆಲ್ ಮಿಶನ್ನಿನವರು ಆ ಕೆಲಸಕ್ಕೆ ಮುಂಚೆಯೇ ಕೈಹಾಕಿದ್ದರು.

ಇಲ್ಲಿ ಒಂದು ಲೆಕ್ಕವನ್ನು ನಿಮ್ಮ ಮುಂದಿಡಬೇಕು. ಮಂಗಳೂರಿನ ಕಥೋಲಿಕರ ಬಹುದಿನದ ಬೇಡಿಕೆಯಂತೆ ಇಟಲಿಯಿಂದ ಬಂದ ಜೆಸುಯಿಟ್ ಪಾದ್ರಿಗಳು ಗಂಡುಮಕ್ಕಳಿಗಾಗಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದದ್ದು 1880ರಲ್ಲಿ. ಹೆಣ್ಣುಮಕ್ಕಳ ಕಾಲೇಜು ತೆರೆದದ್ದು 1921ರಲ್ಲಿ. ಅಣ್ಣನಿಗೂ ತಂಗಿಗೂ ನಡುವೆ ನಲವತ್ತೊಂದು ವರ್ಷ! ಎರಡೂ ಕಾಲೇಜುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವ ನಾವು ಈ ಅಂತರವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಅಷ್ಟು ವರ್ಷ ಕಾಲೇಜು ಓದಬೇಕೆಂದಿದ್ದ ಹುಡುಗಿ ಏನು ಮಾಡುತ್ತಿದ್ದಳು? ಹೆಚ್ಚಿನವರು ಓದಲಿಲ್ಲ ಎಂಬುದೇ ಉತ್ತರ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಕ್ವೀನ್ ಮೇರೀಸ್ ಕಾಲೇಜು ಮದ್ರಾಸಿನಲ್ಲಿ ತೆರೆದದ್ದೇ 1914ರಲ್ಲಿ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಓದಿದ್ದು ಅಲ್ಲಿಯೇ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದು ಬಂದ ಮೇಲೂ, ಪಶ್ಚಿಮದ ಕಡಲಿನಿಂದ ಪೂರ್ವದ ಕಡಲಿಗೆ ಮಗಳೊಬ್ಬಳನ್ನು ಓದಲೆಂದು ಕಳಿಸುವ ಧೈರ್ಯ ಮತ್ತು ಹಣ ಎರಡೂ ಇದ್ದ ಮನೆಗಳು ಬೆರಳೆಣಿಕೆಯವು.

ಈ ಹಿನ್ನೆಲೆಯಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಮದರ್ ಅಲೋಶಿಯಾ ಅವರು 1921ರಲ್ಲಿ ಕಾಲೇಜನ್ನು ಸ್ಥಾಪಿಸಿದರು. ಕಾಲ ಹೇಗಿತ್ತೆಂದು ನೋಡಿ. ಅದರ ಹಿಂದಿನ ಆಗಸ್ಟಿನಲ್ಲಷ್ಟೇ ಗಾಂಧೀಜಿ ಮಂಗಳೂರಿಗೆ ಬಂದು ಅಸಹಕಾರದ ಸಂದೇಶ ಸಾರಿ ಹೋಗಿದ್ದರು. ಸರಕಾರದ ಮನ್ನಣೆಯ ಶಾಲಾಕಾಲೇಜುಗಳನ್ನು ಬಿಟ್ಟು ಬನ್ನಿರೆಂಬ ಕರೆ ದೇಶದ ತುಂಬ ಕೇಳುತ್ತಿತ್ತು. ಗಂಡುಮಕ್ಕಳು ಕಾಲೇಜು ಬಿಡುವುದು ತ್ಯಾಗವೆನಿಸಿದ್ದ ಆ ದಿನಗಳಲ್ಲಿ ಇಲ್ಲಿಯ ಹೆಣ್ಣುಮಕ್ಕಳ ಮುಂದೆ ಬಿಡುವುದಕ್ಕಾದರೂ ಒಂದು ಕಾಲೇಜು ಇರಲಿಲ್ಲ. ಮದ್ರಾಸಿನ ಶಾಸನಸಭೆ ಆಸ್ತಿಯುಳ್ಳ ಹೆಂಗಸರಿಗೆ ಮತದಾನದ ಹಕ್ಕು ಕೊಡಲು ಒಪ್ಪಿದ್ದೂ ಅದೇ 1921ರಲ್ಲಿ.

ಇದು ‘ಪಶ್ಚಿಮ ಕರಾವಳಿಯ ಮೊದಲ ಮಹಿಳಾ ಕಾಲೇಜು’ ಎಂದು ಸಭೆ ಸಮಾರಂಭಗಳಲ್ಲಿ ಹೇಳುವುದುಂಟು. ಅಭಿಮಾನದ ಮಾತಿಗೆ ತಕ್ಕಡಿ ಹಿಡಿಯಬಾರದು, ಆದರೆ ಬಾನುಲಿಯಲ್ಲಿ ಆಡುವಾಗ ಹಿಡಿಯಲೇಬೇಕಾಗುತ್ತದೆ. ತಿರುವನಂತಪುರದಲ್ಲಿ ಅರಸರ ಆಶ್ರಯದ ಮಹಿಳಾ ಕಾಲೇಜು ಅದಕ್ಕೂ ಮೊದಲೇ ಇತ್ತು. ಕಥೋಲಿಕ ಸನ್ಯಾಸಿನಿಯರು ನಡೆಸಿದ ಮಹಿಳಾ ಕಾಲೇಜುಗಳನ್ನಷ್ಟೇ ಎಣಿಸಿದರೆ, ಕಲ್ಕತ್ತೆಯ ಲೊರೆಟೊ ಕಾಲೇಜು ಇದಕ್ಕಿಂತ ಹಿರಿಯದು. ದಕ್ಷಿಣದಲ್ಲಿ ತಿರುಚಿರಾಪಳ್ಳಿಯ ಹೋಲಿ ಕ್ರಾಸ್ 1923ರದು, ಎರ್ನಾಕುಲಂನ ಸಂತ ತೆರೇಸಾ ಕಾಲೇಜು 1925ರದು. ಆ ಸಾಲಿನಲ್ಲಿ ಆಗ್ನೆಸ್ ಹಿರಿಯಕ್ಕ.

ನನಗೆ ಮುಖ್ಯವೆನಿಸುವುದು ಈ ಹಿರಿತನವಲ್ಲ, ಆ ಆವರಣದ ಗೋಡೆ. ಉಡುಪಿ ಕುಂದಾಪುರಗಳ ಕಡೆಯಿಂದ ಮಂಗಳೂರಿಗೆ ಬರಬೇಕಾದರೆ ಹೊಳೆಗಳಿಗೆ ಇನ್ನೂ ಸೇತುವೆಯಾಗದ ಆ ದಿನಗಳಲ್ಲಿ ಕಡವಿನ ದೋಣಿಗಾಗಿ ದಡದಲ್ಲಿ ಕಾದು ನಿಲ್ಲಬೇಕಿತ್ತು. ತಗಡಿನ ಟ್ರಂಕು, ಸುತ್ತಿದ ಹಾಸಿಗೆ, ಬಟ್ಟೆಯಲ್ಲಿ ಬಾಯಿ ಕಟ್ಟಿದ ಉಪ್ಪಿನಕಾಯಿ ಭರಣಿ, ಜೊತೆಗೆ ಅಪ್ಪನೋ ಸೋದರಮಾವನೋ ಒಬ್ಬರು. ಹಾಗೆ ಬಂದವರು ಮಗಳನ್ನು ಹಾಸ್ಟೆಲಿನಲ್ಲಿ ಬಿಟ್ಟು ನಿಶ್ಚಿಂತೆಯಿಂದ ಹಿಂದಿರುಗಿದ್ದು ಒಳಗೆ ಕಲಿಸುವ ಇಂಗ್ಲಿಷ್ ಕಾವ್ಯವನ್ನು ನಂಬಿ ಅಲ್ಲ; ಗೋಡೆಯನ್ನು ಮತ್ತು ಗೇಟಿನ ಬಳಿ ನಿಂತ ಮಾದ್ರಿಯನ್ನು ನಂಬಿ. ಕಥೋಲಿಕರಂತೆಯೇ ಗೌಡಸಾರಸ್ವತರು, ಬಂಟರು, ಬಿಲ್ಲವರು, ಕಾಲಕ್ರಮದಲ್ಲಿ ಮುಸಲ್ಮಾನರು ಕೂಡ ತಮ್ಮ ಹುಡುಗಿಯರನ್ನು ಅಲ್ಲಿಗೆ ಕಳಿಸಿದರು. ಕಾನ್ವೆಂಟಿನ ಶಿಸ್ತು ಉಸಿರು ಕಟ್ಟಿಸುವಂಥದ್ದೆಂದು ಕಾನ್ವೆಂಟುಗಳಲ್ಲಿ ಓದಿದವರೇ ಅನೇಕರು ಹೇಳಿದ್ದಾರೆ. ಭೇಟಿಗೆ ಗೊತ್ತಾದ ಹೊತ್ತು, ಪತ್ರಗಳ ಮೇಲೆ ಕಣ್ಣು, ನಗುವಿಗೂ ಅಳತೆ. ಆ ದೂರನ್ನು ನಾನು ತಳ್ಳಿಹಾಕಲಾರೆ. ಆದರೆ ಆ ಗೋಡೆ ಇಲ್ಲದಿದ್ದರೆ ಆ ಕಾಲದ ಅಪ್ಪಂದಿರು ಮಗಳನ್ನು ಮನೆಯ ಗೋಡೆ ದಾಟಲು ಬಿಡುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ. ಸರಳುಗಳ ಹಿಂದೆ ಜಪಕ್ಕೆ ಕೂರುವ ಕಾರ್ಮೆಲಿನ ಪರಂಪರೆಯೇ, ತನಗರಿವಿಲ್ಲದಂತೆ, ಹೊರಗೆ ಹೋಗುವ ಹೆಂಗಸರಿಗೆ ಒಂದು ಜಗಲಿಯಾಗಿ ಒದಗಿತು.

ಹಣದ ಮಾತೂ ಇದೆ. ಬಡತನದ ವ್ರತ ತೊಟ್ಟ ಸನ್ಯಾಸಿನಿ ತರಗತಿಯಲ್ಲಿ ಎಷ್ಟೇ ವರ್ಷ ದುಡಿದರೂ ಸಂಬಳ ಅವಳ ಕೈಯಲ್ಲಿ ಉಳಿಯುವುದಿಲ್ಲ, ಸಭೆಗೆ ಸೇರುತ್ತದೆ. ಇಂಥ ಸಂಸ್ಥೆಗಳ ಕಟ್ಟಡಗಳನ್ನು ದಾನಿಗಳ ಹೆಸರಿನ ಫಲಕಗಳಿಂದ ಗುರುತಿಸುತ್ತೇವೆ. ಆದರೆ ಎಣಿಕೆಗೆ ಬಾರದ ಈ ದುಡಿಮೆಯೇ ಅವುಗಳ ದೊಡ್ಡ ಬಂಡವಾಳ, ಅದಕ್ಕೆ ಯಾವ ಗೋಡೆಯ ಮೇಲೂ ಫಲಕವಿಲ್ಲ. ಇದೇ ಸಭೆ ಮುಂದೆ 1940ರಲ್ಲಿ ಪಾಟ್ನಾದ ಮಹಿಳಾ ಕಾಲೇಜನ್ನೂ 1952ರಲ್ಲಿ ಕಲ್ಲಿಕೋಟೆಯ ಪ್ರಾವಿಡೆನ್ಸ್ ಕಾಲೇಜನ್ನೂ ಆರಂಭಿಸಿತು. ಬಿಹಾರದ ಹುಡುಗಿಯರಿಗೆ ಕಾಲೇಜು ಕಟ್ಟುವ ಕೆಲಸದಲ್ಲಿ ಮಂಗಳೂರಿನ ಅನುಭವಕ್ಕೂ ಪಾಲಿತ್ತು.

ಕಾಲೇಜು ಇದ್ದಲ್ಲೇ ಇತ್ತು, ಅದು ಸೇರಿದ ವಿಶ್ವವಿದ್ಯಾನಿಲಯ ಮಾತ್ರ ಬದಲಾಗುತ್ತ ಹೋಯಿತು. ಮೊದಲು ಮದ್ರಾಸು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ ಮೈಸೂರು. 1980ರಲ್ಲಿ ಕೊಣಾಜೆಯ ಗುಡ್ಡದ ಮೇಲೆ ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಮಂಗಳೂರು. ಈ ಶತಮಾನದಲ್ಲಿ ಕಾಲೇಜಿಗೆ ಸ್ವಾಯತ್ತತೆಯೂ ದೊರೆಯಿತು. ನೂರನೆಯ ವರ್ಷವಾದ 2021 ಬಂದಾಗ ದೇಶವೆಲ್ಲ ಕೊರೋನಾದ ಎರಡನೆಯ ಅಲೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿತ್ತು.

ಬಿಜೈಯ ಮನೆಯೊಂದರಲ್ಲಿ ಈ ಕಾಲೇಜಿನಲ್ಲಿ ಓದಿದ ಮೂರು ತಲೆಮಾರಿನ ಹೆಂಗಸರ ಪ್ರಮಾಣಪತ್ರಗಳನ್ನು ನಾನು ನೋಡಿದ್ದೇನೆ. ಮೊಮ್ಮಗಳದ್ದು ಮಂಗಳೂರಿನದು, ಪ್ಲಾಸ್ಟಿಕ್ ಹೊದಿಕೆಯಲ್ಲಿ ಫೈಲಿನೊಳಗಿದೆ. ಮಗಳದ್ದು ಮೈಸೂರಿನದು, ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದಾರೆ. ಅಜ್ಜಿಯದು ಮದ್ರಾಸಿನದು. ಅದನ್ನು ಸುರುಳಿ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದರು. ನನಗೆ ತೋರಿಸಲೆಂದು ಬಿಡಿಸಿದಾಗ ಅದರ ಮಡಿಕೆಯಿಂದ ಒಣಗಿದ ಬೇವಿನೆಲೆಗಳು ಉದುರಿದವು. ಮದುವೆಯಾಗಿ ಅರವತ್ತು ವರ್ಷ ಬೇರೆ ಬೇರೆ ಮನೆ ಬದಲಿಸಿದಾಗಲೆಲ್ಲ ಅಜ್ಜಿ ಹುಳ ಹಿಡಿಯದಂತೆ ಹೊಸ ಎಲೆ ಹಾಕಿಡುತ್ತಿದ್ದರಂತೆ. ಆ ಪತ್ರ ಹಿಡಿದು ಅವರು ಒಂದು ದಿನವೂ ಕೆಲಸ ಕೇಳಲು ಹೋದವರಲ್ಲ.

ನಮಸ್ಕಾರ.