ತಿಂಡಿ ಆಯ್ತಾ, ಮೇಷ್ಟ್ರೇ?

ಎಲ್ಲರಿಗೂ ನಮಸ್ಕಾರ. ಮಳೆ ಬರುವ ಹಾಗಿದ್ದರೂ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ಬೇರೆ ಬೇರೆ ನಂಬಿಕೆ ಇರುವವರು ಸ್ನೇಹಿತರಾಗಿ ಇರುವುದು ಹೇಗೆ ಅನ್ನುವುದರ ಬಗ್ಗೆ ಮಾತಾಡಿ ಅಂತ ಕೇಳಿದ್ದಾರೆ. ನಾನು 32 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ನಾನು ಕಂಡದ್ದು, ನನ್ನ ಕೈಯಿಂದ ಆದ ಒಂದು ತಪ್ಪು, ಇಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ದೇವರಲ್ಲಿ ನಂಬಿಕೆ ಇಲ್ಲ. ನಾನು ಬೆಳೆದದ್ದು ಬಸವನಗುಡಿಯಲ್ಲಿ. ಅಲ್ಲಿ ದೊಡ್ಡಬಸವಣ್ಣ, ದೊಡ್ಡಗಣಪತಿ ಇದ್ದಾರೆ. ನ್ಯಾಷನಲ್ ಕಾಲೇಜೂ ಇದೆ. ಎಚ್. ನರಸಿಂಹಯ್ಯನವರು 1962ರಲ್ಲಿ ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಿಗೆ ಹುಡುಗನಾಗಿದ್ದಾಗಲೇ ಹೋಗುತ್ತಿದ್ದೆ. ಪ್ರಶ್ನೆ ಕೇಳುವುದನ್ನು ಅಲ್ಲಿ ಕಲಿತೆ. ಇನ್ನೊಂದು ವಿಷಯವನ್ನೂ ಅಲ್ಲೇ ನೋಡಿದೆ. ಹಣೆಯಲ್ಲಿ ವಿಭೂತಿ, ನಾಮ ಇದ್ದವರು ಬಂದು ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು. ಮುಗಿದ ಮೇಲೆ ಗಾಂಧಿಬಜಾರಿನ ತನಕ ವಾದ ಮಾಡುತ್ತಾ ನಡೆಯುತ್ತಿದ್ದರು. ನರಸಿಂಹಯ್ಯನವರನ್ನು ಎಲ್ಲರೂ ಎಚ್ಚೆನ್ ಅಂತಲೇ ಕರೆಯುವುದು, ಅವರ ಬದುಕಿನಲ್ಲೂ ಈ ಎರಡೂ ಇದ್ದವು. 1936ರಲ್ಲಿ ಗಾಂಧೀಜಿ ನ್ಯಾಷನಲ್ ಹೈಸ್ಕೂಲಿಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದವರು ಆಗ ವಿದ್ಯಾರ್ಥಿಯಾಗಿದ್ದ ಎಚ್ಚೆನ್. ಮುಂದೆ ಅವರು ನಾಡಿಗೇ ಗೊತ್ತಿರುವ ವಿಚಾರವಾದಿ ಆದರು. ಆದರೆ ದಿನಾ ಪ್ರಾರ್ಥನೆ ಮಾಡುತ್ತಿದ್ದ ಗಾಂಧಿಯಿಂದ ಕಲಿತ ಖಾದಿಯನ್ನು, ಸರಳ ಬದುಕನ್ನು ಕೊನೆತನಕ ಬಿಡಲಿಲ್ಲ.

ಈಗ ನನ್ನ ಗೆಳೆಯರ ವಿಷಯಕ್ಕೆ ಬರುತ್ತೇನೆ. 11 ವರ್ಷದಿಂದ ನಾವು ಏಳೆಂಟು ಜನ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ವಾಕಿಂಗ್ ಮಾಡುತ್ತೇವೆ. ಬಂಡೆ ಹತ್ತಿ ಸ್ವಲ್ಪ ಹೊತ್ತು ಕೂತು, ಆಮೇಲೆ ಕೆರೆ ಸುತ್ತಿ ಬರುವುದು ರೂಢಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ನಮ್ಮಲ್ಲೊಬ್ಬರಿಗೆ ಪಂಚಾಂಗ ಬಾಯಿಪಾಠ. ಅವರನ್ನು ಎಲ್ಲರೂ ಜೋಯಿಸರು ಅಂತಲೇ ಕರೆಯುವುದು.

ಒಂದು ದಿನ ಜೋಯಿಸರು ಬಂಡೆ ಮೇಲೆ ಕೂತು, "ಮೇಷ್ಟ್ರೇ, ಒಂದು ಲೆಕ್ಕ ಹಾಕಿ. ಕಲಿಯುಗ 4,32,000 ವರ್ಷ. ದ್ವಾಪರ ಅದರ ಎರಡರಷ್ಟು, ತ್ರೇತಾ ಮೂರರಷ್ಟು, ಕೃತ ನಾಲ್ಕರಷ್ಟು. ಒಟ್ಟು ಎಷ್ಟು?" ಅಂದರು. ಹತ್ತರಷ್ಟು, 43,20,000 ಅಂದೆ. "ಅಂಥವು ಸಾವಿರ ಕಳೆದರೆ ಬ್ರಹ್ಮನಿಗೆ ಒಂದು ಹಗಲು." 432 ಕೋಟಿ ಅಂದೆ. "ಈಗ ನಡೆಯುತ್ತಿರುವ ಹಗಲಿನಲ್ಲಿ ಸುಮಾರು 197 ಕೋಟಿ ವರ್ಷ ಕಳೆದಿದೆ" ಅಂದರು. ಆಗ ನಾನು ಬಂಡೆಯನ್ನು ತಟ್ಟಿ, "ಹಾಗಾದರೆ ಇದು ಬ್ರಹ್ಮ ಎದ್ದು ಕಣ್ಣು ಬಿಡುವುದಕ್ಕಿಂತ ಮೊದಲೇ ಇತ್ತಲ್ಲ ಜೋಯಿಸರೇ, 300 ಕೋಟಿ?" ಅಂತ ಕೇಳಿದೆ.

ಅವರಿಗೆ ಕೋಪ ಬರಲಿಲ್ಲ. "ಹೌದಲ್ಲ, ನೋಡಬೇಕು" ಅಂದರು. ಕೆರೆ ಸುತ್ತುವಾಗ ಒಂದು ಮಾತೂ ಆಡಲಿಲ್ಲ. ಮಾರನೆಯ ದಿನ ದೂರದಿಂದಲೇ ಕೈ ಎತ್ತಿಕೊಂಡು ಬಂದರು. "ಮೇಷ್ಟ್ರೇ, ಬ್ರಹ್ಮನ ಈಗಿನ ಹಗಲಿಗೆ ಶ್ವೇತವರಾಹ ಕಲ್ಪ ಅಂತ ಹೆಸರು ಅಲ್ವಾ? ವರಾಹ ನೀರಿನಿಂದ ಮೇಲಕ್ಕೆ ಎತ್ತಿದ್ದು ಇದ್ದ ಭೂಮಿಯನ್ನೇ. ಹೊಸದಾಗಿ ಮಾಡಿದ್ದಲ್ಲ. ನಿಮ್ಮ ಬಂಡೆ ರಾತ್ರಿಯೆಲ್ಲ ನೀರಿನಲ್ಲಿ ಮುಳುಗಿತ್ತು, ಅಷ್ಟೆ."

ಅವತ್ತು ನನಗಾದ ಖುಷಿಯನ್ನು ಹೇಗೆ ಹೇಳಲಿ! ನಾನು ಅದನ್ನು ಒಪ್ಪಲಿಲ್ಲ. ಬಂಡೆಯ ವಯಸ್ಸನ್ನು ಕಂಡುಹಿಡಿಯುವುದು ಅದರೊಳಗಿನ ಧಾತುಗಳ ಲೆಕ್ಕದಿಂದ, ಪುರಾಣದಿಂದ ಅಲ್ಲ ಅಂತಲೂ ಹೇಳಿದೆ. ಆದರೆ ನನ್ನ ಪ್ರಶ್ನೆಯನ್ನು ಒಬ್ಬರು ಮನೆಗೆ ತೆಗೆದುಕೊಂಡು ಹೋಗಿ, ರಾತ್ರಿಯೆಲ್ಲ ಯೋಚಿಸಿ, ಉತ್ತರ ತಂದಿದ್ದರು. ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನಿದೆ?

ಇಂಥ ಮಾತು ಮೊದಲನೇ ದಿನ ಆಡುವುದಕ್ಕೆ ಆಗುವುದಿಲ್ಲ. ಅದಕ್ಕಿಂತ ಮುಂಚೆ ಐದಾರು ವರ್ಷ ನಾವು ಏನು ಮಾತಾಡಿದೆವು ಗೊತ್ತಾ? ಕಾವೇರಿ ನೀರು ಎಷ್ಟು ಗಂಟೆಗೆ ಬಿಟ್ಟರು. ಮಂಡಿ ನೋವಿಗೆ ಯಾವ ಎಣ್ಣೆ. ಅವರೆಕಾಯಿ ಸೊಗಡು ಈ ಸಲ ಹೇಗಿದೆ. ಮಗಳ ಮನೆಗೆ ಯಾವಾಗ ಹೋಗುತ್ತೀರಿ. ಎಲ್ಲಕ್ಕಿಂತ ಮೊದಲು, ತಿಂಡಿ ಆಯ್ತಾ? ಇವನ್ನು ಸುಮ್ನೆ ಹೊತ್ತು ಕಳೆಯುವ ಮಾತು ಅಂದುಕೊಳ್ಳುತ್ತೇವೆ. ನಾನು ಹಾಗೆ ಅಂದುಕೊಳ್ಳುವುದನ್ನು ಬಿಟ್ಟಿದ್ದೇನೆ. ನಮ್ಮಲ್ಲಿ 'ಅವರ ಮನೆಗೂ ನಮ್ಮ ಮನೆಗೂ ಬಳಕೆ ಇದೆ' ಅನ್ನುತ್ತಾರಲ್ಲ, ಆ ಬಳಕೆ ಹುಟ್ಟುವುದು ಈ ಮಾತುಗಳಿಂದ. ಸಾಮರಸ್ಯ, ಸೌಹಾರ್ದ ಅಂತ ವೇದಿಕೆಯಲ್ಲಿ ಹೇಳುತ್ತೇವೆ. ನನಗೆ ಈ ಬಳಕೆ ಅನ್ನುವ ಮಾತೇ ಜಾಸ್ತಿ ಇಷ್ಟ. ದಿನಾ ಬಳಸುವ ಪಾತ್ರೆಗೆ ಕಿಲುಬು ಹಿಡಿಯುವುದಿಲ್ಲ ನೋಡಿ.

ಚಿಕ್ಕಪೇಟೆ ಕಡೆ ಫೋಟೋಗೆ ಫ್ರೇಮ್ ಹಾಕುವ ಅಂಗಡಿ ಇಟ್ಟಿರುವ ಭಾಯ್ ಒಬ್ಬರು ನಮ್ಮ ಗುಂಪಿನಲ್ಲಿದ್ದಾರೆ. ಐದು ಹೊತ್ತಿನ ನಮಾಜು ತಪ್ಪಿಸುವವರಲ್ಲ. ಅವರ ಅಂಗಡಿಗೆ ಬರುವುದರಲ್ಲಿ ಮುಕ್ಕಾಲು ಪಾಲು ದೇವರ ಪಟಗಳು. ವರಮಹಾಲಕ್ಷ್ಮಿ ಹಬ್ಬದ ಮುಂಚೆ ಲಕ್ಷ್ಮಿ, ಭಾದ್ರಪದಕ್ಕೆ ಗಣಪತಿ, ಮಾರ್ಗಶಿರ ಬಂದರೆ ಅಯ್ಯಪ್ಪ. ನಮ್ಮ ಹಬ್ಬಗಳ ಪಟ್ಟಿ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ಮಧ್ಯಾಹ್ನ ಅಲ್ಲಿ ಕೂತು ಅವರು ಕೆಲಸ ಮಾಡುವುದನ್ನು ನೋಡಿದೆ. ಗಾಜಿನ ಒಳಮೈಯನ್ನು ಹಳೇ ಪೇಪರಿನಿಂದ ಒರೆಸಿದರು. ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದರು. ಶ್ರೀನಿವಾಸನ ಪಟವನ್ನು ಎರಡೂ ಕೈಯ ಬೆರಳ ತುದಿಯಲ್ಲಿ ಅಂಚು ಹಿಡಿದು ಎತ್ತಿದರು. ಹಿಂದೆ ರಟ್ಟು ಇಟ್ಟು, ಸಣ್ಣ ಮೊಳೆ ಹೊಡೆಯುವಾಗ ಪಟದ ಮುಖ ಕೆಳಗಾಗಬೇಕಲ್ಲ, ಆಗ ಮೇಜಿನ ಮೇಲೆ ಒಗೆದ ಬಟ್ಟೆಯೊಂದನ್ನು ಹಾಸಿದರು. ಬೇರೆ ಫೋಟೋಗಳಿಗೆ ಆ ಬಟ್ಟೆ ಹಾಸಲಿಲ್ಲ.

"ಭಾಯ್, ನಿಮಗೆ ಇದರಲ್ಲಿ ನಂಬಿಕೆ ಇಲ್ಲವಲ್ಲ?" ಅಂತ ಕೇಳಿದೆ. "ನನ್ನ ನಮಾಜು ನನ್ನದು ಮೇಷ್ಟ್ರೇ. ಇದು ಯಾರದೋ ದೇವರ ಮನೆಗೆ ಹೋಗುತ್ತೆ. ನಮ್ಮ ಅಂಗಡಿ ಧೂಳು ಅದರ ಜತೆ ಹೋಗಬಾರದು, ಅಲ್ವಾ?" ಅಂದರು.

ನಾನು ಧೈರ್ಯ ಮಾಡಿ ಆ ಪ್ರಶ್ನೆ ಕೇಳಿದ್ದು ನಮ್ಮ ಸ್ನೇಹಕ್ಕೆ ಏಳನೇ ವರ್ಷ ನಡೆಯುತ್ತಿದ್ದಾಗ.

ಬೆಂಗಳೂರಿನಲ್ಲಿ ಈ ವಿಷಯ ಬಂದ ಕೂಡಲೇ ಎಲ್ಲರೂ ಕರಗದ ಮಾತು ತೆಗೆಯುತ್ತಾರೆ. ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟ ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿ ಬರುತ್ತದೆ. ಭಾಯ್ ಜತೆ ಆ ಗಲ್ಲಿಯಲ್ಲಿ ನಿಂತು ಮಲ್ಲಿಗೆಯ ಪರಿಮಳ, ವೀರಕುಮಾರರ ಅಲಗು, ಆ ನೂಕುನುಗ್ಗಲು ಎಲ್ಲ ನೋಡಿದ್ದೇನೆ. ಮೈ ಜುಂ ಅನ್ನುತ್ತದೆ. ಆದರೆ ಅದು ವರ್ಷಕ್ಕೊಂದು ರಾತ್ರಿ. ಉಳಿದ ದಿನ ಪೇಟೆಯಲ್ಲಿ ಹೂವು, ದಾರ, ಬಟ್ಟೆ, ಗಾಜು ಕೈಯಿಂದ ಕೈಗೆ ಹೋಗುತ್ತಾ ಇರುತ್ತದಲ್ಲ, ಸಾಲ ಬರೆದುಕೊಂಡು 'ನಾಳೆ ಕೊಡಿ, ಪರವಾಗಿಲ್ಲ' ಅನ್ನುತ್ತಾರಲ್ಲ, ಆ ರಾತ್ರಿಯನ್ನು ಹೊತ್ತು ನಿಂತಿರುವುದು ಅದು ಅಂತ ನನಗೆ ಅನ್ನಿಸುತ್ತದೆ.

ಇನ್ನು ನನ್ನ ತಪ್ಪು. ವಾಕಿಂಗ್ ಗೆಳೆಯರದ್ದು, ಅವರ ಮನೆಯವರದ್ದು ಸೇರಿ 23 ಜನರ ಒಂದು ವಾಟ್ಸಾಪ್ ಗ್ರೂಪ್ ಇದೆ. ನಮ್ಮಲ್ಲಿ ಎಲ್ಲರಿಗಿಂತ ದೊಡ್ಡವರೊಬ್ಬರನ್ನು ಅಕ್ಕ ಅಂತ ಕರೆಯುತ್ತೇವೆ. ಒಂದು ರಾತ್ರಿ ಅಕ್ಕ ಗ್ರೂಪಿನಲ್ಲಿ ಬರೆದರು: ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತೆ, ಮೊಮ್ಮಗನ ಜ್ವರ ಇಳಿಯಿತು, ಸ್ವಾಮಿ ದೊಡ್ಡವನು. ನಾನು ಅದರ ಕೆಳಗೆ, 'ಔಷಧಿ ಕೊಟ್ಟ ಡಾಕ್ಟರಿಗೆ ಹರಕೆ ಬೇಡವಾ ಅಕ್ಕ?' ಅಂತ ಬರೆದೆ. ನಾಲ್ಕೈದು ಜನ ನಗುವ ಮುಖ ಹಾಕಿದರು. ಹತ್ತು ನಿಮಿಷ ಕಳೆದ ಮೇಲೆ ಅಕ್ಕ ಗ್ರೂಪಿನಿಂದ ಹೊರಗೆ ಹೋದರು.

ಮರುದಿನ ವಾಕಿಂಗಿಗೂ ಬರಲಿಲ್ಲ. 19 ದಿನ ಬರಲಿಲ್ಲ. ಜೋಯಿಸರೇ ನನಗೆ ಹೇಳಿದ್ದು, ಮಗು ಒಂಬತ್ತು ದಿನ ಆಸ್ಪತ್ರೆಯಲ್ಲಿತ್ತಂತೆ, ಅದರಲ್ಲಿ ಮೂರು ದಿನ ಐಸಿಯುನಲ್ಲಿ. ಅಕ್ಕ ಹೊರಗಿನ ಬೆಂಚಿನಲ್ಲೇ ಕೂತಿದ್ದರಂತೆ.

ಕನ್ನಡದಲ್ಲಿ ಸ್ನೇಹ ಮುರಿದರೆ ಏನನ್ನುತ್ತೇವೆ? 'ಅವರಿಬ್ಬರೂ ಮಾತು ಬಿಟ್ಟಿದ್ದಾರೆ' ಅನ್ನುತ್ತೇವೆ. ಮಕ್ಕಳು ಟೂ ಬಿಡುತ್ತಾರೆ. ಮಾತು ಇದ್ದರೆ ಸ್ನೇಹ ಇದೆ, ಮಾತು ಬಿಟ್ಟರೆ ಹೋಯಿತು. ಅಕ್ಕ ನನ್ನ ಜತೆ ಮಾತು ಬಿಟ್ಟಿದ್ದರು, ಬಿಡುವ ಹಾಗೆ ಮಾಡಿದವನು ನಾನು.

ಅವರ ಮನೆಗೆ ಹೋದೆ. ಅಕ್ಕ ಮೊರದಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದರು. ತಲೆ ಎತ್ತಿ, "ಬನ್ನಿ. ತಿಂಡಿ ಆಯ್ತಾ ಮೇಷ್ಟ್ರೇ?" ಅಂದರು. ನನಗೆ ಗಂಟಲು ಕಟ್ಟಿತು. ತಪ್ಪಾಯಿತು ಅಕ್ಕ ಅಂದೆ. ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನೀವು ಬರೆದದ್ದು ಸುಳ್ಳಲ್ಲ. ಆ ಡಾಕ್ಟರಮ್ಮನಿಗೂ ಕೈ ಮುಗಿದು ಬಂದೆ. ಆದರೆ ಮಗು ಹೇಗಿದೆ ಅಂತ ನೀವು ಕೇಳಲೇ ಇಲ್ಲವಲ್ಲ."

ಅಷ್ಟೇ ಅವರು ಹೇಳಿದ್ದು. ಬಂಡೆಯ ಮೇಲೆ ಜೋಯಿಸರನ್ನು ಕೇಳಿದ್ದೂ ಪ್ರಶ್ನೆ, ಗ್ರೂಪಿನಲ್ಲಿ ಅಕ್ಕನನ್ನು ಕೇಳಿದ್ದೂ ಪ್ರಶ್ನೆ. ಆದರೆ ಜೋಯಿಸರನ್ನು ಕೇಳುವಾಗ ನನಗೆ ಉತ್ತರ ಬೇಕಾಗಿತ್ತು. ಅಕ್ಕನನ್ನು ಕೇಳುವಾಗ ಬೇಕಾಗಿದ್ದದ್ದು ಉಳಿದವರ ನಗು. ಎದುರಿಗೆ ಕೂತಿದ್ದರೆ ನಿದ್ದೆಗೆಟ್ಟ ಅವರ ಮುಖ ನೋಡಿ ನನ್ನ ಬಾಯಿಂದ ಆ ಮಾತು ಬರುತ್ತಿರಲಿಲ್ಲ.

ಇದಾದ ಮೇಲೆ ಕೆಲವರು ಒಂದು ನಿಯಮ ಮಾಡೋಣ ಅಂದರು. ಗ್ರೂಪಿನಲ್ಲಿ ದೇವರು, ಧರ್ಮ, ರಾಜಕೀಯ ಯಾವುದೂ ಬೇಡ ಅಂತ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಬೇಡ ಅಂದೆ, ಅಕ್ಕನೂ ಬೇಡ ಅಂದರು. ನಂಬಿಕೆಯನ್ನು ಬಾಗಿಲ ಹೊರಗೆ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಬಾ ಅಂದರೆ ಜೋಯಿಸರ ವರಾಹ ಎಲ್ಲಿಗೆ ಹೋಗಬೇಕು? ಆಮೇಲೆ ಉಳಿಯುವುದು ಶುಭೋದಯದ ಹೂವಿನ ಫೋಟೋ ಮಾತ್ರ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಯಾರ ಮಾತಿನ ಬಗ್ಗೆಯಾದರೂ ತಕರಾರು ಇದ್ದರೆ ಎಲ್ಲರ ಮುಂದೆ ಬರೆಯುವುದು ಬೇಡ, ಫೋನ್ ಮಾಡಿ ಇಲ್ಲವೇ ವಾಕಿಂಗಿನಲ್ಲಿ ಕೇಳಿ. ಎಲ್ಲ ಸಲವೂ ಇದು ನಡೆಯುತ್ತದೆ ಅಂತ ಹೇಳಲಾರೆ. ಮೊನ್ನೆ ಚುನಾವಣೆ ಸಮಯದಲ್ಲಿ ಇಬ್ಬರು ಮಾತು ಬಿಟ್ಟರು, ಇನ್ನೂ ಸರಿಯಾಗಿಲ್ಲ. ನನಗೆ ಆ ಬೇಜಾರಿದೆ.

ಗಾಂಧೀಜಿಯ ಬದುಕಿನ ಒಂದು ಸಂಗತಿ ನನಗೆ ಆಗಾಗ ನೆನಪಾಗುತ್ತದೆ. ಆಂಧ್ರದಲ್ಲಿ ಗೋರಾ ಅಂತ ಒಬ್ಬರು ನಾಸ್ತಿಕರಿದ್ದರು. ಅವರು ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯ ಜತೆ ದೇವರ ಬಗ್ಗೆ ನೇರವಾಗಿ ವಾದ ಮಾಡಿದರು. ಇವರೂ ಬದಲಾಗಲಿಲ್ಲ, ಅವರೂ ಬದಲಾಗಲಿಲ್ಲ. ಗೋರಾ ತಮ್ಮ ಮಗಳನ್ನು ಅಸ್ಪೃಶ್ಯರು ಅಂತ ದೂರ ಇಟ್ಟಿದ್ದ ಜಾತಿಯ ಹುಡುಗನಿಗೆ ಕೊಡಲು ನಿಶ್ಚಯಿಸಿದರು. ಮದುವೆ ಆಶ್ರಮದಲ್ಲೇ ಆಗಲಿ ಅಂದರು ಗಾಂಧೀಜಿ. ಮದುವೆಯ ಮಾತುಗಳಲ್ಲಿ ದೇವರು ಅಂತ ಇರುವ ಕಡೆ ಸತ್ಯ ಅಂತ ಹೇಳುವುದಕ್ಕೂ ಒಪ್ಪಿದರು. ಅಷ್ಟರಲ್ಲಿ ಅವರ ಕೊಲೆಯಾಯಿತು. 1948ರ ಮಾರ್ಚಿನಲ್ಲಿ, ಅವರು ಇಲ್ಲದ ಸೇವಾಗ್ರಾಮದಲ್ಲಿ ಆ ಮದುವೆ ನಡೆಯಿತು. ದಿನಾ ರಾಮನಾಮ ಹೇಳುತ್ತಿದ್ದವರು ಗೆಳೆಯನ ಮನೆಯ ಮದುವೆಗೆ ಒಂದು ಪದ ಬದಲಾಯಿಸಲು ಸಿದ್ಧರಿದ್ದರು. ಬರೀ ಒಂದು ಪದ. ಆದರೆ ಅವರಿಗೆ ಅದು ಎಂಥ ಪದ ಅನ್ನುವುದನ್ನು ಯೋಚಿಸಿ.

ಅಕ್ಕ ಈಗ ಮತ್ತೆ ಬರುತ್ತಾರೆ. ಹೋದ ಕಾರ್ತೀಕದಲ್ಲಿ, ಕಡಲೆಕಾಯಿ ಪರಿಷೆಯ ಮಾರನೆಯ ದಿನ, ಹುರಿದ ಕಡಲೆಕಾಯಿ ಪೊಟ್ಟಣ ಕೊಡುತ್ತಾ ಕೇಳಿದರು: "ಮೇಷ್ಟ್ರೇ, ಕಷ್ಟ ಬಂದಾಗ ನೀವು ಯಾರನ್ನ ನೆನೆಯುತ್ತೀರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಜೋಯಿಸರ ಹಾಗೆ ನಾನೂ, ನೋಡಬೇಕು ಅಕ್ಕ ಅಂದೆ.

ನಾಲ್ಕು ದಿನ ಬೇಕಾಯಿತು. ಐದನೇ ದಿನ ಕೆರೆ ಸುತ್ತುವಾಗ ಹೇಳಿದೆ, ನನ್ನ ಹೆಂಡತಿಯನ್ನು ನೆನೆಯುತ್ತೇನೆ ಅಕ್ಕ, ಅವಳಿದ್ದಿದ್ದರೆ ಏನನ್ನುತ್ತಿದ್ದಳು ಅಂತ ಯೋಚಿಸುತ್ತೇನೆ. ಅವಳು ಹೋಗಿ ಆರು ವರ್ಷವಾಯಿತು.

"ಅವರಿಗೆ ಕೇಳಿಸುತ್ತೆ ಅಂತ ಅನ್ನಿಸುತ್ತಾ ನಿಮಗೆ?" ಅಂದರು.

ಇಲ್ಲ ಅಕ್ಕ ಅಂದೆ.

"ನನಗೆ ಅನ್ನಿಸುತ್ತೆ" ಅಂದರು.

ಇಬ್ಬರೂ ಮಾತಿಲ್ಲದೆ ಉಳಿದ ಅರ್ಧ ಸುತ್ತು ಮುಗಿಸಿದೆವು. ಗೇಟಿನ ಹತ್ತಿರ ಬಂದಾಗ, ತಿಂಡಿಗೆ ಏನು ಮಾಡಿಕೊಳ್ಳುತ್ತೀರಿ ಅಂತ ಕೇಳಿದರು. ಅವಲಕ್ಕಿ ಅಂದೆ.