ಅಮೋನಿಯಾ ಇಲ್ಲದ ಮಾತ್ರಕ್ಕೆ ಅಲರ್ಜಿ ತಪ್ಪುವುದಿಲ್ಲ

ನಮಸ್ಕಾರ. ಹಿಂದಿನ ಸಂಚಿಕೆಯನ್ನು ನೋಡಿದವರೊಬ್ಬರು, ‘ಅಲರ್ಜಿ ಇರುವವರು ಅಮೋನಿಯಾ ಇಲ್ಲದ ಕೂದಲಬಣ್ಣ ಹಚ್ಚಿಕೊಂಡರಾಯಿತು, ಇಷ್ಟೊಂದು ಗಾಬರಿ ಏಕೆ?’ ಎಂದು ಬರೆದಿದ್ದಾರೆ. ಆ ಸಾಲು ಎರಡು ದಿನದಿಂದ ನನ್ನನ್ನು ಕಾಡುತ್ತಿದೆ. ಏಕೆಂದರೆ ಇದೇ ನಂಬಿಕೆಯಿಂದ ಬಣ್ಣ ಹಚ್ಚಿಕೊಂಡವರ ರೆಪ್ಪೆ ಊದಿ ಕಣ್ಣು ಮುಚ್ಚಿಹೋಗುತ್ತದೆ, ನೆತ್ತಿಯಲ್ಲಿ ಗುಳ್ಳೆಯೆದ್ದು ನೀರು ಒಸರುತ್ತದೆ.

ಅಮೋನಿಯಾ ಕೂದಲಿನ ಹೊರಪದರವನ್ನು ಸಡಿಲಿಸುತ್ತದೆ, ಅಷ್ಟೆ. ಕೂದಲೊಳಗೆ ಇಳಿದು, ಪೆರಾಕ್ಸೈಡ್ ಜೊತೆ ವರ್ತಿಸಿ ಗಾಢ ಬಣ್ಣವಾಗುವುದು ಪ್ಯಾರಾ-ಫಿನೈಲಿನ್‌ಡೈಅಮೈನ್, ಅಂದರೆ ಪಿಪಿಡಿ. ಕೂದಲಬಣ್ಣದ ಅಲರ್ಜಿಗೆ ಮುಖ್ಯ ಕಾರಣವೂ ಅದೇ. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘವು 2006ರಲ್ಲಿ ಅದನ್ನೇ ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತ್ತು. ಆದ್ದರಿಂದ ಪೆಟ್ಟಿಗೆಯ ಮುಂಭಾಗವನ್ನು ಬಿಡಿ, ಘಟಕಗಳ ಪಟ್ಟಿಯಿರುವ ಹಿಂಭಾಗವನ್ನು ಓದಿ.

‘ನಾನು ಹರ್ಬಲ್ ಮಾತ್ರ ಬಳಸುತ್ತೇನೆ’ ಎನ್ನುವವರೂ ಹಿಂಭಾಗವನ್ನು ಓದಿ. ಶುದ್ಧ ಮೆಹಂದಿ ಎಲೆಯ ಪುಡಿ ಕೊಡುವುದು ಕೆಂಪು ಛಾಯೆಯನ್ನು ಮಾತ್ರ. ಒಂದೇ ಸಲಕ್ಕೆ ಕಡುಗಪ್ಪು ಬಣ್ಣ ಕೊಡುವ ‘ಕಪ್ಪು ಮೆಹಂದಿ’ಯಲ್ಲಿ ಪಿಪಿಡಿ ಬೆರೆತಿರುವುದು ಸಾಮಾನ್ಯ. ಕಪ್ಪೇ ಬೇಕೆಂದರೆ ಮೊದಲು ಮೆಹಂದಿ, ಅದರ ಮೇಲೆ ಇಂಡಿಗೊ ಎಲೆಯ ಪುಡಿ ಹಚ್ಚುವ ಎರಡು ಹಂತದ ದಾರಿಯಿದೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

‘ಪಿಪಿಡಿ ಇಲ್ಲ ಎಂದು ಬರೆದಿದ್ದರೆ ಸಾಕಲ್ಲವೇ?’ ಸಾಲದು! ಅದರ ಜಾಗದಲ್ಲಿ ಅದರದೇ ಹತ್ತಿರದ ಸಂಬಂಧಿ ಟೊಲುಯಿನ್-2,5-ಡೈಅಮೈನ್ ಕುಳಿತಿರಬಹುದು. ಪಿಪಿಡಿ ಆಗದ ಅನೇಕರಿಗೆ ಅದೂ ಆಗುವುದಿಲ್ಲ. ಹೊಸಬರಲ್ಲಿ ಅಲರ್ಜಿ ಹುಟ್ಟುವುದನ್ನು ತಗ್ಗಿಸಲೆಂದು ರೂಪಿಸಿದ ಎಂಇ-ಪಿಪಿಡಿ ಎಂಬ ಬದಲಿ ರಾಸಾಯನಿಕ ಕೂಡ, ಈಗಾಗಲೇ ಅಲರ್ಜಿ ಇರುವ ಕೆಲವರಲ್ಲಿ ಅದನ್ನು ಕೆರಳಿಸುತ್ತದೆ. ಹಿಂಭಾಗವನ್ನು ಓದಿ ಎಂದು ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ.

‘ಇಪ್ಪತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ಏನೂ ಆಗಿಲ್ಲ’ ಎಂಬುದನ್ನು ನಾನು ವಾದವೆಂದೇ ಒಪ್ಪುವುದಿಲ್ಲ. ಈ ಅಲರ್ಜಿ ಮತ್ತೆ ಮತ್ತೆ ತಗುಲಿದ ಮೇಲೆಯೇ ಹುಟ್ಟಬಹುದು. ಹುಟ್ಟಿದ ಮೇಲೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಒಮ್ಮೆ ತೊಂದರೆಯಾದವರು ಮನೆಯಲ್ಲಿ ಪ್ರಯೋಗ ಮಾಡದೆ ಚರ್ಮವೈದ್ಯರಲ್ಲಿ ಪ್ಯಾಚ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸಂಶಯದ ವಸ್ತುಗಳನ್ನಿಟ್ಟು ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು 48 ಗಂಟೆಗಳ ಬಳಿಕ ತೆಗೆದು, ಮುಂದೆ ಮತ್ತೊಮ್ಮೆ ನೋಡುತ್ತಾರೆ. ಏಕೆಂದರೆ ಈ ಅಲರ್ಜಿ ತಡವಾಗಿ ಕಾಣಿಸಿಕೊಳ್ಳುತ್ತದೆ.

ತಪ್ಪಿಸಬೇಕಾದ ಹೆಸರುಗಳನ್ನು ವಿಡಿಯೊದ ಕೆಳಗಿನ ವಿವರಣೆಯಲ್ಲಿ ಹಾಕಿದ್ದೇನೆ. ಚಾನೆಲ್‌ಗೆ ಚಂದಾದಾರರಾಗಿ, ಬಣ್ಣ ಹಚ್ಚಿಕೊಳ್ಳುವ ನಿಮ್ಮವರಿಗೆ ಇದನ್ನು ಕಳುಹಿಸಿ. ಅಕ್ಷರ ತೀರಾ ಸಣ್ಣದಾಗಿದ್ದರೆ ಫೋಟೊ ತೆಗೆದು ದೊಡ್ಡದು ಮಾಡಿಕೊಳ್ಳಿ, ಮಕ್ಕಳಿಂದ ಓದಿಸಿ. ಆದರೆ ಹಿಂಭಾಗವನ್ನು ಓದದೆ ಆ ಟ್ಯೂಬಿನ ಮುಚ್ಚಳವನ್ನು ಮಾತ್ರ ತೆಗೆಯಬೇಡಿ.